ಸ್ಟೇಷನರಿಯಲ್ಲಿ ‘ಎ’ನಾ, ‘ಇ’ನಾ?

ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ್ದೀರಿ, ಈಗ ಆಫೀಸಿನಲ್ಲಿ ದಿನಾ ಇಂಗ್ಲಿಷ್ ಮೇಲ್ ಬರೆಯಬೇಕು. ಒಂದೇ ಥರ ಕೇಳಿಸುವ ಪದಗಳ ಪಟ್ಟಿ ಬಾಯಿಪಾಠ ಮಾಡಿದರೂ ಬರೆಯುವ ಹೊತ್ತಿಗೆ ಮರೆತು ಹೋಗುತ್ತದೆ, ಏನು ಮಾಡಲಿ ಅಂತ ಕೇಳಿದ್ದೀರಿ.

ನಾನು ಪ್ರಿಂಟಿಂಗ್ ಪ್ರೆಸ್‌ನಲ್ಲಿ ಡಿಟಿಪಿ ಕೆಲಸ ಮಾಡುತ್ತೇನೆ. ನಾನೂ ಕನ್ನಡ ಮಾಧ್ಯಮದವನೇ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಪುಸ್ತಕದ ಅಂಗಡಿಗೆ ಬಿಲ್ ಬುಕ್ ಮಾಡಿದ್ದೆ. ಸ್ಟೇಷನರಿ ಅನ್ನುವ ಪದದಲ್ಲಿ ‘ಇ’ ಇರಬೇಕಾದ ಕಡೆ ‘ಎ’ ಹಾಕಿಬಿಟ್ಟೆ. 20 ಪುಸ್ತಕ ಬೈಂಡಿಂಗ್ ಆದ ಮೇಲೆ ಗೊತ್ತಾಯಿತು. ಕಂಪ್ಯೂಟರ್ ಕೆಂಪು ಗೆರೆ ಹಾಕಿರಲಿಲ್ಲ, ಯಾಕೆಂದರೆ ‘ಎ’ ಇರುವುದೂ ಸರಿಯಾದ ಪದವೇ. ಅದರ ಅರ್ಥ ಮಾತ್ರ ಬೇರೆ: ಅಲ್ಲಾಡದೆ ನಿಂತಿರುವುದು. ಅವತ್ತಿನಿಂದ ಈ ಜೋಡಿ ಪದಗಳ ಹಿಂದೆ ಬಿದ್ದೆ.

ಮೊದಲು ಒಂದು ಮಾತು. ತಪ್ಪುತ್ತಿರುವುದು ನಿಮ್ಮ ನೆನಪಿನ ಶಕ್ತಿಯಿಂದ ಅಲ್ಲ. ನಾವು ಅಕ್ಷರ ಕಲಿತದ್ದೇ ಕಿವಿಯಿಂದ. ಕೇಳಿದ ಹಾಗೆ ಬರೆದರೆ ಕನ್ನಡದಲ್ಲಿ ಹೆಚ್ಚುಕಡಿಮೆ ಸರಿಯಾಗುತ್ತದೆ. ಇಂಗ್ಲಿಷಿನಲ್ಲಿ ಹಾಗಾಗುವುದಿಲ್ಲ, ಅದಕ್ಕೆ ಕಾರಣವೂ ಇದೆ. ನೈಟ್ ಅಂದರೆ ರಾತ್ರಿ, ‘ಕೆ’ ಸೇರಿಸಿದರೆ ಕುದುರೆ ಏರಿದ ಯೋಧ. ಆ ‘ಕೆ’ಯನ್ನು ಹಿಂದೆ ಇಂಗ್ಲೆಂಡಿನ ಜನ ನಿಜವಾಗಿಯೂ ಉಚ್ಚರಿಸುತ್ತಿದ್ದರು. ರೈಟ್, ಅಂದರೆ ಬರೆ ಅನ್ನುವ ಪದದ ಮೊದಲಿನ ‘ಡಬ್ಲ್ಯು’ ಕೂಡ ಹಾಗೇ. ನೋಡು ಅನ್ನುವ ಸೀ, ಸಮುದ್ರ ಅನ್ನುವ ಸೀ, ಎರಡರ ಸ್ವರ ಆಗ ಬೇರೆ ಬೇರೆ ಇತ್ತು. 1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಅಚ್ಚುಕೂಟ ಶುರು ಮಾಡಿದರು. ಮುಂದೆ ಅಚ್ಚಿನವರ ಕೈಯಲ್ಲಿ ಸ್ಪೆಲಿಂಗ್ ನಿಧಾನವಾಗಿ ಗಟ್ಟಿಯಾಗುತ್ತಾ ಹೋಯಿತು. ಅದೇ ಕಾಲದಲ್ಲಿ ಜನರ ಬಾಯಲ್ಲಿ ಉಚ್ಚಾರಣೆ ಬದಲಾಗುತ್ತಾ ಹೋಯಿತು. ಕಾಗದದ ಮೇಲೆ ಹಳೆಯದು ಉಳಿಯಿತು, ನಾಲಿಗೆ ಮುಂದೆ ಹೋಯಿತು.

ನಮ್ಮಲ್ಲೂ ಇಂಥದ್ದು ನಡೆದಿದೆ. ಹಳಗನ್ನಡದಲ್ಲಿ ಬಾಳ್ ಅಂದರೆ ಕತ್ತಿ, ಬಾೞ್ ಅಂದರೆ ಬದುಕು. ಎರಡಕ್ಕೂ ಬೇರೆ ಉಚ್ಚಾರಣೆ, ಬೇರೆ ಅಕ್ಷರ. ಉಚ್ಚಾರಣೆ ಒಂದಾದ ಮೇಲೆ ನಾವು ೞ ಅಕ್ಷರವನ್ನೇ ಬಿಟ್ಟೆವು. ಇಂಗ್ಲಿಷಿನವರು ಬಿಡಲಿಲ್ಲ. ಹಾಗಾಗಿ ಬಾಯಲ್ಲಿ ಕೇಳದ ವ್ಯತ್ಯಾಸವನ್ನು ಅವರ ಬರಹದಲ್ಲಿ ಕಣ್ಣಿನಿಂದ ಹಿಡಿಯಬೇಕು. ಪದವನ್ನು ಒಂಟಿಯಾಗಿ ನೋಡಿದರೆ ಕಣ್ಣಿಗೂ ಹಿಡಿಯುವುದು ಕಷ್ಟ. ನನಗೆ ಫಲ ಕೊಟ್ಟ ದಾರಿ ಅಂದರೆ ಅದರ ನೆಂಟರನ್ನು ಹುಡುಕುವುದು.

ಸ್ಟೇಷನರಿಯನ್ನೇ ತಗೊಳ್ಳಿ. ಅದನ್ನು ಮಾರುವವನು ಸ್ಟೇಷನರ್. ಟೀಚರ್, ಡ್ರೈವರ್ ಥರಾನೇ ಕೊನೆಗೆ ‘ಇ-ಆರ್’. ಅವನ ಅಂಗಡಿಯ ಸಾಮಾನು ಆದ್ದರಿಂದ ‘ಇ’. ಹಿಂದೆ ಯುರೋಪಿನಲ್ಲಿ ಊರೂರು ತಿರುಗದೆ ಒಂದೇ ಕಡೆ ಅಂಗಡಿ ಇಟ್ಟುಕೊಂಡ ಪುಸ್ತಕ ವ್ಯಾಪಾರಿಗೆ ಆ ಹೆಸರು ಇತ್ತು. ಅಂದರೆ ಎರಡು ಪದಗಳ ಬೇರೂ ಒಂದೇ, ಗೊಂದಲ ಆಗುವುದು ಸಹಜ ಅಲ್ವಾ? ಇನ್ನೊಂದು ಪದಕ್ಕೆ ನಾನು ‘ಅಲ್ಲಾಡದ್ದು’ ಅಂತ ನೆನಪಿಟ್ಟಿದ್ದೇನೆ. ಅಲ್ಲಾಡದ ‘ಅ’, ಅದೇ ‘ಎ’.

ದೇರ್ ಅನ್ನುವುದು ಇನ್ನೂ ಚೆಂದ. ನಮ್ಮ ಇಲ್ಲಿ, ಅಲ್ಲಿ, ಎಲ್ಲಿ ನೋಡಿ. ಮೊದಲ ಅಕ್ಷರ ಮಾತ್ರ ಬೇರೆ, ಉಳಿದದ್ದು ಒಂದೇ. ಇಂಗ್ಲಿಷಿನಲ್ಲೂ ಹಾಗೇ ಇದೆ. ಇಲ್ಲಿ ಅನ್ನುವ ಹಿಯರ್‌ನ ನಾಲ್ಕು ಅಕ್ಷರ ‘ಎಚ್-ಇ-ಆರ್-ಇ’. ಮುಂದೆ ‘ಟಿ’ ಇಟ್ಟರೆ ಅಲ್ಲಿ, ‘ಡಬ್ಲ್ಯು’ ಇಟ್ಟರೆ ಎಲ್ಲಿ. ‘ಅವರ’ ಅನ್ನುವ ದೇರ್ ಬೇರೆ. ಅದರಲ್ಲಿ ‘ಟಿ’ ಮುಚ್ಚಿ ನೋಡಿ, ‘ಎಚ್-ಇ-ಐ-ಆರ್’ ಉಳಿಯುತ್ತದೆ. ಅದನ್ನು ಏರ್ ಅನ್ನುತ್ತಾರೆ, ಅರ್ಥ ವಾರಸುದಾರ. ಆಸ್ತಿ ಯಾರದ್ದು ಅನ್ನುವ ಮಾತು ಬಂದಾಗ ಈ ವಾರಸುದಾರ ಇರುವ ಪದ ಬರೆಯಿರಿ. ಕೇಳಿಸಿಕೊಳ್ಳುವ ಹಿಯರ್‌ನ ಒಳಗೆ ಕಿವಿಯೇ ಇದೆ, ‘ಇ-ಎ-ಆರ್’.

ಪ್ರಿನ್ಸಿಪಲ್‌ಗೆ ಕನ್ನಡದಿಂದಲೇ ದಾರಿ ಸಿಕ್ಕಿತು. ಕಾಲೇಜಿನ ಪ್ರಾಂಶುಪಾಲರ ಕೊನೆಯಲ್ಲಿ ‘ಪಾಲ’ ಇದೆ, ಇಂಗ್ಲಿಷ್ ಪದದ ಕೊನೆಯಲ್ಲೂ ‘ಪಿ-ಎ-ಎಲ್’. ಸಾಲದ ಅಸಲಿಗೂ ಇದೇ ಸ್ಪೆಲಿಂಗ್. ತತ್ವ, ನಿಯಮ ಅನ್ನುವ ಅರ್ಥ ಇದ್ದರೆ ಮಾತ್ರ ‘ಎಲ್-ಇ’. ಲಾರಿಗಳ ಹಿಂದೆ ‘ಪವರ್ ಬ್ರೇಕ್’ ಅಂತ ಬರೆಸಿದ್ದರಲ್ಲಿ ಮುರಿಯುವ ಬ್ರೇಕ್ ಇರುವುದನ್ನು ಎಷ್ಟೋ ಸಲ ನೋಡಿದ್ದೇನೆ. ಗಾಡಿ ನಿಲ್ಲಿಸುವುದು ‘ಎ-ಕೆ-ಇ’.

ಈಗ ನಮಗೆ ಮಾತ್ರ ಇರುವ ತೊಂದರೆಗೆ ಬರುತ್ತೇನೆ. ಪಟ್ಟಿ ಮಾಡಿಕೊಡುವವರು ಇದನ್ನು ಬೇರೆಯಾಗಿ ತೋರಿಸುವುದಿಲ್ಲ, ಅದು ತೋರಿಸಲೇಬೇಕಾದ್ದು ಅಂತ ನನ್ನ ಅಭಿಪ್ರಾಯ. ಕೆಲವು ಪದಗಳು ಇಂಗ್ಲಿಷಿನವರ ಬಾಯಲ್ಲಿ ಒಂದೇ ಥರ ಇಲ್ಲ. ನಮ್ಮ ಬಾಯಲ್ಲಿ ಮಾತ್ರ ಒಂದಾಗುತ್ತವೆ. ಕನ್ನಡದ ಸ್ವಂತ ಪದಗಳಲ್ಲಿ ‘ಝಡ್’ನ ಸದ್ದು ಇಲ್ಲ. ಅದಕ್ಕೇ ಬೆಲೆಯೂ ಪ್ರೈಸ್, ಬಹುಮಾನವೂ ಪ್ರೈಸ್. ಸಡಿಲ ಇದ್ದರೂ ಲೂಸ್, ಕಳೆದುಕೊಂಡರೂ ಲೂಸ್. ಗಂಟಲ ಮೇಲೆ ಬೆರಳಿಟ್ಟು ‘ಸ್ಸ್’ ಅನ್ನಿ, ಆಮೇಲೆ ದುಂಬಿಯ ಹಾಗೆ ‘ಜ಼್ಜ಼್’ ಅನ್ನಿ. ಎರಡನೆಯದಕ್ಕೆ ಗಂಟಲು ನಡುಗುತ್ತದೆ. ಬಹುಮಾನ, ಕಳೆದುಕೊಳ್ಳುವುದು ಎರಡರಲ್ಲೂ ಆ ನಡುಕ ಇದೆ. ನಾಲ್ಕು ದಿನ ಹೀಗೆ ಜೋರಾಗಿ ಹೇಳಿ ನೋಡಿ, ನಿಮ್ಮ ಕಿವಿಯೇ ಬೇರೆ ಮಾಡಿಕೊಡುತ್ತದೆ. ಕಳೆದುಕೊಳ್ಳುವ ಪದ ಒಂದು ‘ಒ’ ಕಳೆದುಕೊಂಡಿದೆ, ಅದನ್ನೂ ನೆನಪಿಡಿ. ಅಡ್ವೈಸ್ ಕೂಡ ಇದೇ ಗುಂಪು. ಸಲಹೆ ಅನ್ನುವಾಗ ‘ಸಿ’, ಸಲಹೆ ಕೊಡು ಅನ್ನುವಾಗ ‘ಎಸ್’ ಮತ್ತು ಗಂಟಲಿನ ನಡುಕ. ಪ್ರಾಕ್ಟೀಸ್, ಲೈಸೆನ್ಸ್ ಪದಗಳಿಗೂ ನಾವು ಅನುಸರಿಸುವ ಬ್ರಿಟಿಷ್ ಸ್ಪೆಲಿಂಗ್‌ನಲ್ಲಿ ಇದೇ ಲೆಕ್ಕ. ಅಲ್ಲಿ ಉಚ್ಚಾರಣೆ ಮಾತ್ರ ಬದಲಾಗುವುದಿಲ್ಲ. ಹಾಗಾಗಿ ಅಡ್ವೈಸ್ ಅನ್ನು ಗಟ್ಟಿ ಮಾಡಿಕೊಂಡರೆ ಈ ಎರಡಕ್ಕೂ ಅದೇ ಅಳತೆಗೋಲು ಆಗುತ್ತದೆ.

ಪರಿಣಾಮ ಬೀರು ಅನ್ನುವ ಅಫೆಕ್ಟ್, ಪರಿಣಾಮ ಅನ್ನುವ ಎಫೆಕ್ಟ್ ನನ್ನನ್ನು ಜಾಸ್ತಿ ಕಾಡಿದ್ದು. ಪದಕ್ಕಿಂತ ಮೊದಲು ‘ದಿ’ ಇಟ್ಟರೆ ವಾಕ್ಯ ಸರಿ ನಿಲ್ಲುತ್ತದಾ ನೋಡಿ. ನಿಂತರೆ ‘ಇ’, ಇಲ್ಲದಿದ್ದರೆ ‘ಎ’. ಅಪವಾದ ಇದೆ, ಆದರೆ ಆಫೀಸಿನ ಮೇಲ್‌ಗೆ ಇಷ್ಟು ಸಾಕು.

ಪಟ್ಟಿ ಬಾಯಿಪಾಠ ಮಾಡುವುದನ್ನು ಬಿಟ್ಟುಬಿಡಿ. ಜೋಡಿಯ ಎರಡೂ ಪದ ಅಕ್ಕಪಕ್ಕ ಇಟ್ಟು ಓದಿದರೆ ಎರಡೂ ಕಲಸಿಹೋಗುತ್ತವೆ, ನನಗೆ ಹಾಗೇ ಆಗಿತ್ತು. ಒಂದು ವಾರ ಒಂದೇ ಪದ ಹಿಡಿಯಿರಿ. ನೀವು ನಿಜವಾಗಿ ಕಳಿಸುವಂಥ ವಾಕ್ಯದಲ್ಲಿ ಅದನ್ನು ಕೈಯಿಂದ ಬರೆಯಿರಿ. ಅದು ಗಟ್ಟಿಯಾದ ಮೇಲೆ ಜೋಡಿಯ ಇನ್ನೊಂದಕ್ಕೆ ಹೋಗಿ.

ಮೇಲ್ ಕಳಿಸುವ ಮುಂಚೆ ‘ಇಟ್ಸ್’ ಎಲ್ಲೆಲ್ಲಿದೆ ಅಂತ ಒಂದು ಸಲ ಹುಡುಕಿ. ‘ಎಸ್’ಗೆ ಮುಂಚೆ ಮೇಲಿನ ಕೊಕ್ಕೆ, ಅಂದರೆ ಅಪಾಸ್ಟ್ರಫಿ ಹಾಕಿದ್ದರೆ ಅದನ್ನು ‘ಇಟ್ ಈಸ್’ ಅಥವಾ ‘ಇಟ್ ಹ್ಯಾಸ್’ ಅಂತ ಬಿಡಿಸಿ ಓದಿ. ಎರಡೂ ಹೊಂದದಿದ್ದರೆ ಕೊಕ್ಕೆ ತೆಗೆಯಿರಿ. ಪ್ರೆಸ್‌ನಲ್ಲಿ ಪ್ರೂಫ್ ನೋಡುವಾಗ ನಾನು ಇವತ್ತಿಗೂ ಕೊನೆಯಲ್ಲಿ ಮಾಡುವುದು ಇದನ್ನೇ.