ಹಳೇ ಕೊಟ್ಟಿಗೆಯನ್ನು ಮದುವೆ ನೆಂಟರ ಕೋಣೆ ಮಾಡುವ ಮೊದಲು

ಅಣ್ಣಾ, ಫೋಟೋ ನೋಡಿದೆ. ಸಾಗರದ ಕಡೆಯ ನಿಮ್ಮ ಅಜ್ಜನ ಕಾಲದ ಕೊಟ್ಟಿಗೆ, ಅದಕ್ಕೆ ಅಂಟಿಕೊಂಡ ಅಡಿಕೆ ಅಟ್ಟ. ಅಂಗಳವನ್ನು ಮದುವೆಗೆ ಕೊಡುತ್ತಿದ್ದೀರಿ, ನೆಂಟರಿಗೆ ಎಂಟು ಕೋಣೆ ಬೇಕು, ಕೊಟ್ಟಿಗೆಗೆ ಸಿಮೆಂಟ್ ಗಾರೆ ಹೊಡೆಸಿ ಟೈಲ್ಸ್ ಹಾಕಿಸಲಾ ಅಂತ ಕೇಳಿದ್ದೀರಿ. ದಯವಿಟ್ಟು ಸಿಮೆಂಟ್ ಬೇಡ.

ನಾವು ತೀರ್ಥಹಳ್ಳಿ ಕಡೆ ಅದನ್ನೇ ಮಾಡಿದ್ದೆವು. ಮೇಸ್ತ್ರಿ ಹೇಳಿದ, ನಾವು ಒಪ್ಪಿದೆವು. ಎರಡನೇ ಮಳೆಗಾಲಕ್ಕೆ ಗೋಡೆಯ ಬುಡದಿಂದ ಮೂರಡಿ ಎತ್ತರದವರೆಗೆ ಬಣ್ಣ ಉಬ್ಬಿತು. ಬೇಸಿಗೆಯಲ್ಲಿ ಗಾರೆ ಹಪ್ಪಳದ ಹಾಗೆ ಕಳಚಿ ಬಿತ್ತು.

ಕಾರಣ ಗಂಜಲ. ಅಷ್ಟು ವರ್ಷ ಗಂಜಲ ಕುಡಿದ ನೆಲ ಮತ್ತು ಗೋಡೆಯಲ್ಲಿ ನೈಟ್ರೇಟ್ ಉಪ್ಪು ತುಂಬಿರುತ್ತದೆ. ಹಿಂದೆ ಮದ್ದಿನಪುಡಿಗೆ ಬೇಕಾದ ಪೆಟ್ಲುಪ್ಪನ್ನು ಇಂಥ ಮಣ್ಣಿನಿಂದಲೇ ತೆಗೆಯುತ್ತಿದ್ದರು. ಈ ಉಪ್ಪು ಮಳೆಗಾಲದಲ್ಲಿ ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ಒಣಗಿದಾಗ ಹರಳುಗಟ್ಟಿ ಗಾರೆಯನ್ನು ಒಳಗಿನಿಂದ ಒಡೆಯುತ್ತದೆ. ಜಂಬಿಟ್ಟಿಗೆ ಕಲ್ಲು, ಮಣ್ಣಿನ ಗಾರೆಯ ಗೋಡೆಗೆ ತೇವ ಹೊರಬಿಡಲು ದಾರಿ ಬೇಕು. ಸಿಮೆಂಟು, ಪ್ಲಾಸ್ಟಿಕ್ ಪೇಂಟು ಆ ದಾರಿಯನ್ನೇ ಮುಚ್ಚುತ್ತವೆ.

ಹಾಗಾಗಿ ಮೊದಲು ಒಳಗಿನ ನೆಲದ ಮಣ್ಣನ್ನು ಸುಮಾರು ಒಂದಡಿ ತೆಗೆಸಿ. ಅದನ್ನು ಎಸೆಯಬೇಡಿ, ತೋಟಕ್ಕೆ ಒಳ್ಳೆ ಗೊಬ್ಬರ. ಅಡಿಪಾಯ ಎಷ್ಟು ಆಳವಿದೆ ನೋಡಿಕೊಂಡೇ ಅಗೆಯಿರಿ, ಅದಕ್ಕಿಂತ ಕೆಳಗೆ ಹೋಗಬಾರದು. ಹಳೇ ಗಾರೆಯನ್ನು ನಾಲ್ಕಡಿ ಎತ್ತರದವರೆಗೆ ಕೆರೆದು, ಒಂದು ಬೇಸಿಗೆ ಪೂರ್ತಿ ಹಾಗೇ ಒಣಗಲು ಬಿಡಿ. ಆಮೇಲೆ ಒಂದು ಪಾಲು ಸುಣ್ಣ, ಮೂರು ಪಾಲು ಮರಳಿನ ಗಾರೆ. ಸುಣ್ಣವನ್ನು ನೀರಲ್ಲಿ ಕೆಲವು ವಾರ ಕೊಳೆಸಿ ಇಟ್ಟಷ್ಟೂ ಒಳ್ಳೆಯದು. ಮೊದಲ ಸಲದ ಗಾರೆ ಉಪ್ಪು ಹೀರಿ ಹಾಳಾಗಬಹುದು. ಹೆದರಬೇಡಿ, ಅದರ ಕೆಲಸವೇ ಅದು. ಕೆರೆದು ಇನ್ನೊಮ್ಮೆ ಬಳಿಯಿರಿ. ಹೊರಗಿನ ಅಂಗಳ ಒಳಗಿನ ನೆಲಕ್ಕಿಂತ ತಗ್ಗಿರಲಿ. ಇಲ್ಲದಿದ್ದರೆ ಏನು ಮಾಡಿದರೂ ಪ್ರಯೋಜನವಿಲ್ಲ.

ಮಾಡಿನ (ಚಾವಣಿಯ) ಮರ ಚೆನ್ನಾಗಿ ಕಾಣುತ್ತಿದೆ. ಆದರೂ ಪಕಾಸಿ (ಹೆಂಚು ಹೊರುವ ಇಳಿಜಾರು ಮರ) ಗೋಡೆಗೆ ಕೂರುವ ಜಾಗವನ್ನು ಚಾಣದಿಂದ ಚುಚ್ಚಿ ನೋಡಿ, ಒರಲೆ (ಗೆದ್ದಲು) ಸೇರುವುದು ಅಲ್ಲೇ. ದನ ಇದ್ದಾಗ ಸೊಳ್ಳೆಗೆ ಹೊಗೆ ಹಾಕುತ್ತಿದ್ದರು, ಈಗ ಅದೂ ಇಲ್ಲ. ಮಂಗಳೂರು ಹೆಂಚು ತೆಗೆದು ಶೀಟ್ ಹಾಕಬೇಡಿ. ಮಳೆ ಸದ್ದಿಗೆ ಯಾರಿಗೂ ನಿದ್ದೆ ಬರುವುದಿಲ್ಲ. 100 ಚದರ ಅಡಿಗೆ ಸುಮಾರು 150 ಹೆಂಚು ಲೆಕ್ಕ, ಒಡೆದದ್ದಕ್ಕೆ ಹಳೇ ಹೆಂಚನ್ನೇ ಹುಡುಕಿ.

ಬಚ್ಚಲು, ಪಾಯಿಖಾನೆ ಹಳೇ ಗೋಡೆಯ ಒಳಗೆ ಬೇಡವೇ ಬೇಡ. ಹಿಂಬದಿಗೆ ಬೇರೆ ಅಡಿಪಾಯ ಹಾಕಿ, ಇಳಿಜಾರು ಮಾಡು ಇಳಿಸಿ, ಅಲ್ಲಿ ಮಾಡಿ. ಅಲ್ಲಿ ಸಿಮೆಂಟ್ ಬಳಸಿ, ತೊಂದರೆ ಇಲ್ಲ. ಇಂಗುಗುಂಡಿ ಬಾವಿಯಿಂದ 60 ಅಡಿಗಿಂತ ದೂರವಿರಲಿ. ಮುಹೂರ್ತದ ದಿನ ಬೆಳಗಿನ ಜಾವ ಎಲ್ಲರಿಗೂ ಒಟ್ಟಿಗೇ ಸ್ನಾನ, ಅಲ್ವಾ? ಎಂಟು ಕೋಣೆಗೆ 2 ಕಿಲೋವ್ಯಾಟಿನ ಗೀಸರ್ ಅಂದರೆ 16 ಕಿಲೋವ್ಯಾಟ್. ನಮ್ಮ ಹಳ್ಳಿ ಲೈನು ತಡೆಯುವುದಿಲ್ಲ. ದೊಡ್ಡ ಹಂಡೆ ಒಲೆಯೇ ಇರಲಿ, ಅಡಿಕೆ ಸಿಪ್ಪೆ ಹೇಗೂ ಇದೆ.

ಇನ್ನು, ಎಂಟು ಕೋಣೆ ನಿಜಕ್ಕೂ ಬೇಕಾ? ಕೊಟ್ಟಿಗೆಯನ್ನು ತುಂಡು ತುಂಡು ಮಾಡಿದರೆ ಗಾಳಿ ಬೆಳಕು ಎರಡೂ ಹೋಗುತ್ತವೆ. ನನಗೆ ಕಂಡಂತೆ ನಾಲ್ಕು ಸಾಕು. ಒಂದು ಮದುಮಗಳಿಗೆ, ಅದಕ್ಕೆ ದೊಡ್ಡ ಕನ್ನಡಿ ಮತ್ತು ಒಳ್ಳೆ ಬೆಳಕು. ಒಂದು ದಿಬ್ಬಣದವರ ಬಿಡದಿಗೆ. ಉಳಿದೆರಡು ವಯಸ್ಸಾದವರಿಗೆ, ಅವಕ್ಕೆ ಮೆಟ್ಟಿಲು ಬೇಡ. ಅಡ್ಡಗೋಡೆ ಹೆಂಚಿನವರೆಗೂ ಏರಲಿ, ಇಲ್ಲದಿದ್ದರೆ ಒಂದು ಕೋಣೆಯ ಗೊರಕೆ ನಾಲ್ಕೂ ಕೋಣೆಗೆ ಕೇಳುತ್ತದೆ. ಅಟ್ಟವನ್ನು ಹಾಗೇ ಬಿಟ್ಟು ಸಾಲಾಗಿ ಹಾಸಿಗೆ ಹಾಸಿ. ಹುಡುಗರು, ಅತ್ತೆ ಚಿಕ್ಕಮ್ಮಂದಿರು ರಾತ್ರಿಯಿಡೀ ಮಾತಾಡುತ್ತಾ ಮಲಗುವುದೇ ಮದುವೆಮನೆಯ ಸುಖ. ಆದರೆ ಅಟ್ಟಕ್ಕೆ ಎರಡನೇ ಏಣಿಮೆಟ್ಟಿಲು ಬೇಕು, ಬೆಂಕಿಯ ಭಯಕ್ಕೆ. ವೈರನ್ನೆಲ್ಲ ಪೈಪಿನೊಳಗೆ ಎಳೆಸಿ.

ಕಾಗದದ ಕೆಲಸ: ಕೃಷಿ ಜಮೀನಿನಲ್ಲಿ ಕೊಟ್ಟಿಗೆ ಕಟ್ಟುವುದಕ್ಕೆ ಭೂಪರಿವರ್ತನೆ ಬೇಡ, ಅದು ಕೃಷಿ ಕಟ್ಟಡ. ಬಾಡಿಗೆ ಕೋಣೆಯಾದರೆ ಮಾತೇ ಬೇರೆ. 1964ರ ಭೂಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಜಿಲ್ಲಾಧಿಕಾರಿಯ ಅನುಮತಿ ಬೇಕು. ಮನೆ ನಿಂತ ಜಾಗ ಪಹಣಿಯಲ್ಲಿ ಹೇಗಿದೆ ಅಂತ ಇವತ್ತೇ ನೋಡಿ.

ಈ ವರ್ಷ ಒಂದೇ ಕೋಣೆ ಮಾಡಿ, ಅತಿ ತೇವದ ಮೂಲೆಯದ್ದು. ಜುಲೈನಲ್ಲಿ ಒಂದು ವಾರ ನೀವೇ ಅಲ್ಲಿ ಮಲಗಿ ನೋಡಿ. ಗೋಡೆಯ ಬುಡದ ಫೋಟೋ ಇಲ್ಲೇ ಹಾಕಿ, ಉಳಿದ ಮೂರರ ಬಗ್ಗೆ ಆಮೇಲೆ ಮಾತಾಡೋಣ.