ಓದುಗರ ಪ್ರಶ್ನೆ: ಅನಿಲ್ ಕುಂಬ್ಳೆ

ಪ್ರಶ್ನೆ: ಲೆಗ್ ಸ್ಪಿನ್ನರ್ ಆಗಿದ್ದರೂ ಕುಂಬ್ಳೆಯವರ ಚೆಂಡು ತಿರುಗುತ್ತಲೇ ಇರಲಿಲ್ಲ ಎನ್ನುತ್ತಾರೆ. ಹಾಗಾದರೆ 132 ಟೆಸ್ಟ್‌ಗಳಲ್ಲಿ 619 ವಿಕೆಟ್ ಬಂದದ್ದು ಹೇಗೆ?

ಉತ್ತರ: ತಿರುಗುತ್ತಿತ್ತು, ಆದರೆ ಕಡಿಮೆ. ಅದೇ ಅನುಕೂಲವಾಯಿತು. ಅಗಲಕ್ಕೆ ತಿರುಗುವ ಚೆಂಡು ಬ್ಯಾಟಿನ ಅಂಚನ್ನೂ ದಾಟಿ ಹೋಗುತ್ತದೆ. ಸ್ವಲ್ಪವೇ ತಿರುಗಿದರೆ ಅಂಚು ಸಿಗುತ್ತದೆ, ತಿರುಗದಿದ್ದರೆ ಪ್ಯಾಡ್ ಸಿಗುತ್ತದೆ. ಶುರುವಿನಲ್ಲಿ ಮಧ್ಯಮ ವೇಗಿಯಾಗಿದ್ದವರು ಅವರು. ಆ ಓಟ, ಆ ನೆಗೆತ ಹಾಗೇ ಉಳಿದವು. ಎತ್ತರದ ಆಳು, ಕೈಯನ್ನು ನೇರ ಮೇಲಿಂದ ತರುತ್ತಿದ್ದರು. ಹಾಗಾಗಿ ಟಾಪ್‌ಸ್ಪಿನ್ (ಚೆಂಡು ಮುಂದಕ್ಕೆ ಉರುಳುವಂತೆ ತಿರುಗುವುದು) ಹೆಚ್ಚಿ ಚೆಂಡು ದಿಢೀರನೆ ಪುಟಿಯುತ್ತಿತ್ತು. ಹಿಂದೆ ಸರಿದು ಆಡಲು ಸಮಯ ಸಿಗದು, ಮುಂದೆ ಬಂದರೆ ಚೆಂಡು ಗ್ಲೌಸಿಗೆ ಬಡಿದು ಶಾರ್ಟ್ ಲೆಗ್ (ಬ್ಯಾಟರ್ ಪಕ್ಕದಲ್ಲೇ ನಿಲ್ಲುವ ಫೀಲ್ಡರ್) ಕೈಗೆ.

ಪ್ರಶ್ನೆ: ಅವರ ಫ್ಲಿಪ್ಪರ್ ಕಲಿಯುತ್ತಿದ್ದೇನೆ. ನನ್ನದು ಅರ್ಧ ಪಿಚ್‌ಗೇ ಬೀಳುತ್ತದೆ. ಏಕೆ?

ಉತ್ತರ: ಚೆಂಡನ್ನು ತಡವಾಗಿ ಬಿಡುತ್ತಿದ್ದೀರಿ. ಫ್ಲಿಪ್ಪರನ್ನು ತಿರುಚಬಾರದು, ಹಿಂಡಬೇಕು. ಹೆಬ್ಬೆರಳು ಕೆಳಗೆ, ತೋರುಬೆರಳು ಮತ್ತು ಮಧ್ಯದ ಬೆರಳು ಮೇಲೆ. ಚಿಟಿಕೆ ಹೊಡೆಯುವ ಹಾಗೆ ಚೆಂಡನ್ನು ಕೈಯ ಮುಂಭಾಗದಿಂದ ಚಿಮ್ಮಿಸಬೇಕು. ಆಗ ಅದು ಹಿಮ್ಮುಖವಾಗಿ ತಿರುಗುತ್ತಾ ಗಾಳಿಯಲ್ಲಿ ತೇಲಿ, ಬ್ಯಾಟರ್ ಎಣಿಸಿದ್ದಕ್ಕಿಂತ ಮುಂದೆ ಬಿದ್ದು, ನೆಲಕ್ಕಂಟಿ ಜಾರುತ್ತದೆ. ತೀರ ಬೇಗ ಬಿಟ್ಟರೆ ಫುಲ್‌ಟಾಸ್. ಓಟ ಬಿಟ್ಟು, ನಿಂತಲ್ಲಿಂದಲೇ ಹತ್ತು ಹೆಜ್ಜೆ ದೂರಕ್ಕೆ ಚಿಟಿಕೆ ಅಭ್ಯಾಸ ಮಾಡಿ. ಚೆಂಡು ಹಿಂದಕ್ಕೆ ಉರುಳುವಂತೆ ತಿರುಗುತ್ತಿದೆಯೇ ಎಂದು ಹೊಲಿಗೆಯ ಮೇಲೆ ಕಣ್ಣಿಡಿ. ಅದು ಸಿದ್ಧಿಸಿದ ಮೇಲೆ 22 ಗಜ. ಬೆರಳು ನೋಯತೊಡಗಿದರೆ ಅಂದಿಗೆ ಸಾಕು. ಪಂದ್ಯದಲ್ಲಿ ಓವರಿಗೊಂದು ಹಾಕಿದರೆ ಗುಟ್ಟು ರಟ್ಟು.

ಪ್ರಶ್ನೆ: 1999ರಲ್ಲಿ ದೆಹಲಿಯ ಕೋಟ್ಲಾ ಮೈದಾನದ ಟೆಸ್ಟ್‌ನಲ್ಲಿ ಕುಂಬ್ಳೆ ಪಾಕಿಸ್ತಾನದ ಹತ್ತೂ ವಿಕೆಟ್ ಪಡೆದಾಗ, ಹತ್ತನೆಯದನ್ನು ಬೇರೆಯವರು ಬೇಕೆಂದೇ ಬಿಟ್ಟುಕೊಟ್ಟರಂತೆ?

ಉತ್ತರ: ಒಂಬತ್ತು ವಿಕೆಟ್ ಬಿದ್ದ ಮೇಲೆ ಜಾವಗಲ್ ಶ್ರೀನಾಥ್ ಸ್ಟಂಪಿನಿಂದ ದೂರಕ್ಕೆ ಎಸೆದದ್ದು ನಿಜ. ಮೊದಲ ಒಂಬತ್ತನ್ನು ಯಾರೂ ಬಿಟ್ಟುಕೊಟ್ಟಿರಲಿಲ್ಲವಲ್ಲ! 420ರ ಗುರಿಯೆದುರು ಪಾಕಿಸ್ತಾನ ವಿಕೆಟ್ ಕಳೆದುಕೊಳ್ಳದೆ 101 ಮುಟ್ಟಿತ್ತು. ಊಟದ ವಿರಾಮದ ನಂತರ ಕುಂಬ್ಳೆ ಬೌಲಿಂಗ್ ತುದಿ ಬದಲಿಸಿದರು, 207ಕ್ಕೆ ಆಟ ಮುಗಿಯಿತು. 26.3 ಓವರ್, 74 ರನ್, 10 ವಿಕೆಟ್. ಹತ್ತರಲ್ಲಿ ಮೂರು ಎಲ್‌ಬಿಡಬ್ಲ್ಯು (ಸ್ಟಂಪಿಗೆ ಬಡಿಯಲಿದ್ದ ಚೆಂಡು ಪ್ಯಾಡಿಗೆ ತಗಲಿ ಔಟ್), ಎರಡು ಬೌಲ್ಡ್. ಕೊನೆಯ ವಾಸಿಂ ಅಕ್ರಂ ಕ್ಯಾಚು ಶಾರ್ಟ್ ಲೆಗ್‌ನಲ್ಲಿದ್ದ ಲಕ್ಷ್ಮಣ್ ಕೈಗೆ. ಮೊದಲ ಉತ್ತರದಲ್ಲಿ ಹೇಳಿದ ಬೌಲಿಂಗಿನ ಲೆಕ್ಕಪಟ್ಟಿಯೇ ಇದು.

ಪ್ರಶ್ನೆ: 'ಜಂಬೋ' ಹೆಸರು ಎಲ್ಲಿಯದು?

ಉತ್ತರ: ಇರಾನಿ ಟ್ರೋಫಿ ಪಂದ್ಯವೊಂದರಲ್ಲಿ ಚೆಂಡು ಪುಟಿದದ್ದನ್ನು ಕಂಡು ನವಜೋತ್ ಸಿಂಗ್ ಸಿಧು 'ಜಂಬೋ ಜೆಟ್' ಎಂದರು. ಜೆಟ್ ಉದುರಿತು, ಜಂಬೋ ಉಳಿಯಿತು.

ಪ್ರಶ್ನೆ: ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯಲ್ಲಿ ವೃತ್ತಕ್ಕೇ ಹೆಸರಿಡುವಷ್ಟು ಜನಪ್ರಿಯತೆ ಬರೀ ವಿಕೆಟ್‌ಗಳಿಂದಲೇ?

ಉತ್ತರ: ಅಲ್ಲ. 2002ರಲ್ಲಿ ವೆಸ್ಟ್ ಇಂಡೀಸ್‌ನ ಆಂಟಿಗಾದಲ್ಲಿ ದವಡೆ ಮುರಿದಿದ್ದರೂ ಮುಖಕ್ಕೆ ಪಟ್ಟಿ ಸುತ್ತಿಕೊಂಡು 14 ಓವರ್ ಎಸೆದರು. ವೆಸ್ಟ್ ಇಂಡೀಸ್ ಬ್ಯಾಟರ್ ಬ್ರಯಾನ್ ಲಾರಾರನ್ನು ಔಟ್ ಮಾಡಿದರು, ಅದೂ ಎಲ್‌ಬಿಡಬ್ಲ್ಯು.