ಲೈಫ್ ಟ್ಯಾಕ್ಸ್ ಕಟ್ಟಿದ ಕಾರಿಗೂ ಹಸಿರು ತೆರಿಗೆ ಯಾಕೆ?

ಲೈಫ್ ಟ್ಯಾಕ್ಸ್ ಕಟ್ಟಿದ ಮೇಲೂ ಆರ್‌ಸಿ (ನೋಂದಣಿ ಪತ್ರ) ರಿನ್ಯೂವಲ್ ಚಲನ್‌ನಲ್ಲಿ ಹಸಿರು ತೆರಿಗೆ ಅಂತ 500 ರೂಪಾಯಿ ಜಾಸ್ತಿ ಯಾಕೆ ಬಂತು ಅಂತ ಕೇಳಿದ್ದೀರಿ. ಬಹುಶಃ ನಿಮ್ಮ ಕೆಎ-25 (ಧಾರವಾಡ ನೋಂದಣಿ) ಕಾರಿಗೆ 15 ವರ್ಷ ತುಂಬಿದೆ, ಅದಕ್ಕೇ. ಗಾಡಿ ಕೊಂಡಾಗ ಒಮ್ಮೆಲೇ ಕಟ್ಟುವ ಲೈಫ್ ಟ್ಯಾಕ್ಸ್ ಬೇರೆ, ಹಸಿರು ತೆರಿಗೆ ಬೇರೆ. ಗಾಳಿ ಕೆಡದಂತೆ ತಡೆಯುವ ಕೆಲಸಕ್ಕೆ ಅಂತಲೇ ರಾಜ್ಯ ಸರ್ಕಾರ ಹಳೇ ಗಾಡಿಗಳ ಮೇಲೆ ಹಾಕಿದ ಸೆಸ್ಸು. ಬೈಕಿಗಾದರೆ 250, ಒಮ್ಮೆ ಕಟ್ಟಿದರೆ 5 ವರ್ಷಕ್ಕೆ ಆಯ್ತು. ಚಲನ್‌ನಲ್ಲಿ ಕಾರಿಗೆ 5,000 ಅಂತ ಇರುವುದು ಕೇಂದ್ರದ ರಿನ್ಯೂವಲ್ ಫೀ, ಎರಡನ್ನೂ ಸೇರಿಸಿ ಗೊಂದಲ ಮಾಡ್ಕೋಬೇಡಿ.

ಮೊದಲು ಆರ್‌ಸಿಯಲ್ಲಿ ನೋಂದಣಿ ಮುಗಿಯುವ ತಾರೀಖು ನೋಡಿ, ದಾಟಿದ್ದರೆ ತಿಂಗಳಿಗೆ 500ರಂತೆ ಹೆಚ್ಚುವರಿ ಫೀ ಬೀಳುತ್ತೆ. ಇನ್ಶೂರೆನ್ಸ್, ಹೊಗೆ ತಪಾಸಣೆ ಸರ್ಟಿಫಿಕೇಟ್ ಚಾಲ್ತಿಯಲ್ಲಿರಲಿ. ಆಮೇಲೆ ಪರಿವಾಹನ್ ವೆಬ್‌ಸೈಟಿನಲ್ಲಿ ದುಡ್ಡು ಕಟ್ಟಿ, ಫಾರ್ಮ್ 25 (ರಿನ್ಯೂವಲ್ ಅರ್ಜಿ) ಮತ್ತು ರಸೀದಿ ಹಿಡಿದು ಕಾರನ್ನು ಆರ್‌ಟಿಒಗೆ ಒಯ್ಯಿರಿ. ಕಾರಿನ ಚೌಕಟ್ಟಿನ ಮೇಲೆ ಕೊರೆದಿರುವ ಚಾಸಿ ನಂಬರ್ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೀತಾರೆ, ಅಲ್ಲಿನ ಗ್ರೀಸು ಮಣ್ಣು ಮನೆಯಲ್ಲೇ ಒರೆಸಿಕೊಂಡು ಹೋಗಿ, ನನ್ನ ಗಾಡಿಗೆ ಇದಕ್ಕೇ ಅರ್ಧ ದಿನ ಸುಮ್ನೆ ಹಾಳಾಯ್ತು.

ಹುಬ್ಬಳ್ಳಿ-ಧಾರವಾಡ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಗಾಳಿ ಸುಧಾರಿಸಬೇಕಾದ ಊರುಗಳ ಪಟ್ಟಿಯಲ್ಲಿರುವ ಊರು, ನಾನಂತೂ ಆ 500ನ್ನು ಖುಷಿಯಿಂದಲೇ ಕಟ್ಟಿದೆ. ರಸೀದಿಯಲ್ಲಿ ಹಸಿರು ತೆರಿಗೆ ಬೇರೆ ಸಾಲಿನಲ್ಲಿ ಬಂದಿದೆಯಾ ನೋಡಿ ಇಟ್ಟುಕೊಳ್ಳಿ.